ಈರುಳ್ಳಿ ಹಲಗೆಯ ಮೇಲಿನ ಮನೆತನ

ಸ್ಪೇನ್ ದೇಶದ ಸಿಂಹಾಸನ ಯಾರಿಗೆ ಸೇರಬೇಕು ಎಂಬುದು ಇತ್ಯರ್ಥವಾಗದೆ ಬೆಳ್ಮಣ್ಣಿನ ಒಂದು ಹುಡುಗಿಯ ಮದುವೆ ನಿಂತುಹೋಗುವ ಸ್ಥಿತಿಗೆ ಬಂದಿತ್ತು. ಹೀಗೆಂದು ಹೇಳಿದರೆ ಊರಿನಲ್ಲಿ ಯಾರೂ ನಂಬುವುದಿಲ್ಲವೆಂದು ಶೇಖರನಿಗೆ ಗೊತ್ತಿತ್ತು. ಅದಕ್ಕೇ ಅವನು ಅಕ್ಕನಿಗೆ ಬರೆದ ಕಾಗದದಲ್ಲಿ ‘ಆಫೀಸಿನಲ್ಲಿ ಸ್ವಲ್ಪ ತೊಂದರೆ ಇದೆ, ಆದರೂ ಬರುತ್ತೇನೆ’ ಎಂದಷ್ಟೇ ಬರೆದು ಕೈತೊಳೆದುಕೊಂಡ.

ಎಂಬತ್ತಮೂರನೆಯ ಇಸವಿಯ ಮಾತು. ಅರಬರ ನಾಡಿನ ಯಾನ್ಬುವಿನ ಕಡಲ ಪಕ್ಕದಲ್ಲಿ ಪೈಪು ಹಾಕುವ ಗುತ್ತಿಗೆ ಹಿಡಿದಿದ್ದ ಒಂದು ಸ್ಪೇನಿನ ಕಂಪೆನಿಯಲ್ಲಿ ಶೇಖರ ಗುಮಾಸ್ತನಾಗಿದ್ದ. ಟೈಪು ಮಾಡುವುದು, ಫೈಲು ಹೊರುವುದು, ಅಕ್ಷರ ದುಂಡಗಿದ್ದುದರಿಂದ ಸಾಹೇಬರುಗಳ ಬಾಗಿಲಿಗೆ ಹೆಸರಿನ ಹಲಗೆ ಬರೆಯುವುದು, ಎಲ್ಲವೂ ಅವನ ತಲೆಗೇ. ಫೆಬ್ರವರಿಯಲ್ಲಿ ಊರಿಂದ ಬಂದವರ ಕೈಯಲ್ಲಿ ಅಕ್ಕ ವಸಂತಿ ಒಂದು ಕ್ಯಾಸೆಟ್ಟು ಕಳಿಸಿದ್ದಳು. ಆ ಕಾಲದಲ್ಲಿ ಗಲ್ಫಿನವರಿಗೆ ಮನೆಯ ಸುದ್ದಿ ಬರುತ್ತಿದ್ದುದು ಹಾಗೆ, ನಡುನಡುವೆ ಕೋಳಿ ಕೂಗು, ಕುಕ್ಕರಿನ ಸೀಟಿ ಎಲ್ಲ ಸೇರಿಸಿಕೊಂಡು.

“ಸ್ವರ್ಣನ ಮದುವೆ ನಿಕ್ಕಿ ಆಯ್ತು ಶೇಖರ. ಹುಡುಗ ಮೂಡಬಿದಿರೆಯವ, ಬ್ಯಾಂಕಿನಲ್ಲಿ ಕೆಲಸ ಉಂಟು. ಏಪ್ರಿಲಲ್ಲಿ ಬಿಸು ಹಬ್ಬ ಕಳೆದು ಬರುವ ಆದಿತ್ಯವಾರ ಧಾರೆ. ನೀನು ಬಾರದಿದ್ರೆ ಹುಡುಗಿಯನ್ನು ಕೈ ಹಿಡಿದು ಕೊಡುವುದು ಯಾರು? ನಿನ್ನ ಭಾವ ಚಪ್ಪರದ ಲೆಕ್ಕ ಮಾತ್ರ ನೋಡಿಯಾರು.” ಕೊನೆಗೆ ಹುಡುಗಿಯ ದನಿಯೂ ಬಂತು. “ಮಾಮ, ನೀವು ಬಾರದೆ ನಾನು ಮಂಟಪ ಹತ್ತುದಿಲ್ಲ. ಮತ್ತೆ ನನಗೆ ಬೈಬಾರದು.”

ಶೇಖರ ಆ ಕೊನೆಯ ಮಾತನ್ನು ತಿರುಗಿಸಿ ತಿರುಗಿಸಿ ಕೇಳಿದ. ಟೇಪು ಸುಕ್ಕಾಗುವವರೆಗೆ ಕೇಳಿದ. ಅಕ್ಕನ ಮಗಳು ಸ್ವರ್ಣಲತಾ ಅವನ ಸ್ವಂತ ಮಕ್ಕಳಿಗಿಂತ ಮೊದಲು ಅವನ ಹೆಗಲೇರಿದವಳು. ಅದಿರಲಿ, ಶೇಖರನ ಮನೆಯವರಾದ ಪಡುಮನೆ ಶೆಟ್ಟರದು ಅಳಿಯಸಂತಾನದ ಕಟ್ಟು. ಮನೆ, ಹೆಸರು, ಯಜಮಾನಿಕೆ ಎಲ್ಲವೂ ಹೆಣ್ಣಿನ ಕಡೆಯಿಂದ ಇಳಿದು ಬರುವಂಥದ್ದು. ಗಂಡಸಿನ ವಾರಸುದಾರ ಅವನ ಮಗನಲ್ಲ, ಅಕ್ಕತಂಗಿಯರ ಮಗ. ಹುಡುಗಿಯನ್ನು ಧಾರೆಯೆರೆದು ಕೊಡುವವನು ಸೋದರಮಾವ, ಅಪ್ಪ ಪಕ್ಕದಲ್ಲಿ ಮರ್ಯಾದೆಗೆ ನಿಲ್ಲುವವರು. ಸರಕಾರ ಕಾನೂನು ಬದಲಾಯಿಸಿ ಎಷ್ಟೋ ವರ್ಷವಾಗಿತ್ತು, ಆದರೆ ಮದುವೆ ಚಪ್ಪರದೊಳಗೆ ಸರಕಾರದ ಮಾತು ಯಾರು ಕೇಳುತ್ತಾರೆ.

ರಜೆ ಕೇಳಿದರೆ ಸಿಗಬೇಕಾದದ್ದೇ. ಆದರೆ ಅವನ ವರ್ಷದ ರಜೆ ಮುಗಿದಿತ್ತು. ಉಳಿದದ್ದು ವಿಶೇಷ ರಜೆ. ಅದಕ್ಕೆ ಎರಡು ತೊಡಕು. ಒಂದು, ಅದು ಹೆತ್ತವರ, ಹೆಂಡತಿಯ, ಸ್ವಂತ ಮಕ್ಕಳ ಕಾರ್ಯಕ್ಕೆ ಮಾತ್ರ. ಎರಡು, ಅದಕ್ಕೆ ಮುಖ್ಯ ಎಂಜಿನಿಯರು ಮತ್ತು ಆಡಳಿತದ ಅಧಿಕಾರಿ ಇಬ್ಬರೂ ಒಂದೇ ಕಾಗದದ ಮೇಲೆ ಸಹಿ ಹಾಕಬೇಕು. ಕಫೀಲನ, ಅಂದರೆ ಕೆಲಸಗಾರರಿಗೆ ಜವಾಬ್ದಾರನಾದ ಅಲ್ಲಿನ ಅರಬನ, ಕಡೆಯಿಂದ ಪಾಸ್‌ಪೋರ್ಟ್ ನೋಡಿಕೊಳ್ಳುತ್ತಿದ್ದ ಅಬ್ದುಲ್ ರಹ್ಮಾನ್ ಸ್ಪಷ್ಟವಾಗಿ ಹೇಳಿದ್ದ, ಈ ವಾರ ಮುಗಿಯುವುದರೊಳಗೆ ಎರಡು ಸಹಿಯ ಕಾಗದ ಕೈಗೆ ಬಂದರೆ ಹೋಗಿಬರುವ ವೀಸಾ ಆಗುತ್ತದೆ, ಇಲ್ಲವಾದರೆ ಮದುವೆಯ ಫೋಟೋ ತರಿಸಿಕೊಂಡು ನೋಡು.

ಮೊದಲನೆಯ ತೊಡಕಿಗಿಂತ ಎರಡನೆಯದೇ ದೊಡ್ಡದು. ಯಾಕೆಂದರೆ ಆ ಇಬ್ಬರು ಅಧಿಕಾರಿಗಳು ಏಳು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬರ ಸಹಿ ಇದ್ದ ಕಾಗದವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಕೂತಿದ್ದಾಗಲೂ “ಶೇಖರ್, ಆಡಳಿತದವರಿಗೆ ಹೇಳು, ಕಿಟಕಿ ಮುಚ್ಚಲಿ” ಎಂದು ಒಬ್ಬರು, “ಶೇಖರ್, ಎಂಜಿನಿಯರಿಗೆ ಹೇಳು, ಕಿಟಕಿ ಮುಚ್ಚಿಯೇ ಇದೆ” ಎಂದು ಇನ್ನೊಬ್ಬರು. ಇವರಿಬ್ಬರು ಸೋದರಮಾವ ಮತ್ತು ಅಳಿಯ.

ಮುಖ್ಯ ಎಂಜಿನಿಯರಾದ ಮಾವನ ಹೆಸರು ಡಾನ್ ಫರ್ಮಿನ್ ಎಚೆವೆರ್ರಿಯಾ. ಡಾನ್ ಎಂದರೆ ಬೊಂಬಾಯಿಯ ಕಳ್ಳಸಾಗಣೆಯವರಂತೆ ಅಲ್ಲ, ಅವರಲ್ಲಿ ಅದು ಮರ್ಯಾದೆಯ ಮಾತು. ಅರವತ್ತು ದಾಟಿದ, ಮಕ್ಕಳಿಲ್ಲದ, ಮೀಸೆಗೆ ಮೇಣ ಹಚ್ಚುವ ಮನುಷ್ಯ. ಆ ದೇಶದ ನಿಯಮಕ್ಕೆ ತಲೆಬಾಗಿ ದೇವರ ಪಟವನ್ನು ಮೇಜಿನ ಖಾನೆಯೊಳಗೆ ಇಟ್ಟಿದ್ದರು. ಗೋಡೆಯ ಮೇಲಿದ್ದುದು ಹಿರಿಯರ ಪಟಗಳು. ಎಲ್ಲ ಪಟದಲ್ಲೂ ಅದೇ ಮೀಸೆ, ಅದೇ ಕೆಂಪು ಟೊಪ್ಪಿ. ಉದ್ದಿನ ದೋಸೆಯಷ್ಟು ಅಗಲದ, ಅಷ್ಟೇ ಚಪ್ಪಟೆಯಾದ ಟೊಪ್ಪಿ ಅದು, ತಲೆಯ ಮೇಲೆ ಒಂದು ಕಡೆಗೆ ವಾಲಿಕೊಂಡಿರುತ್ತದೆ.

ಆ ಮನೆತನದ ಚರಿತ್ರೆಯನ್ನು ಡಾನ್ ಫರ್ಮಿನ್ ದಿನವೂ ಬೆಳಿಗ್ಗೆ ಕಾಫಿಯ ಹೊತ್ತಿಗೆ ಶೇಖರನಿಗೆ ಹೇಳುತ್ತಿದ್ದರು, ಯಾಕೆಂದರೆ ಬೇರೆ ಯಾರೂ ನಿಂತು ಕೇಳುತ್ತಿರಲಿಲ್ಲ. ನೂರೈವತ್ತು ವರ್ಷದ ಹಿಂದೆ ಸ್ಪೇನಿನ ರಾಜನೊಬ್ಬ ಗಂಡುಮಕ್ಕಳಿಲ್ಲದೆ ಸತ್ತನಂತೆ. ಕುರ್ಚಿ ಅವನ ಪುಟ್ಟ ಮಗಳಿಗೋ ತಮ್ಮನಿಗೋ ಎಂದು ದೇಶ ಎರಡಾಯಿತು. ಎಚೆವೆರ್ರಿಯಾಗಳು ತಮ್ಮನ ಕಡೆ ನಿಂತರು. ತಮ್ಮ ಸೋತ. ಬುದ್ಧಿ ನೆಟ್ಟಗಿದ್ದವರು ಅಲ್ಲಿಗೇ ಕೈಬಿಟ್ಟು ಮನೆಗೆ ಹೋಗುತ್ತಿದ್ದರು. ಇವರು ಹೋಗಲಿಲ್ಲ. ಮುತ್ತಜ್ಜ, ಅಜ್ಜ, ಅಪ್ಪ ಎಲ್ಲರೂ ‘ದೇವರು, ದೇಶ, ಹಳೆಯ ಕಟ್ಟಳೆ, ರಾಜ’ ಎಂಬ ನಾಲ್ಕು ಮಾತು ಹಿಡಿದು ಚುನಾವಣೆಗೆ ನಿಂತರು. ಕೆಲವು ಸಲ ಗೆದ್ದರು ಕೂಡ. ಗೆದ್ದಾಗಲೆಲ್ಲ ಸಂಸತ್ತಿಗೆ ಹೋಗಿ, ಉದ್ದದ ಭಾಷಣ ಮಾಡಿ, ಸಭಾತ್ಯಾಗ ಮಾಡಿ ಹೊರಗೆ ಬಂದರು. ಮುತ್ತಜ್ಜ ಹೊರಗೆ ಬಂದ ಬಾಗಿಲಿನಿಂದಲೇ ಅಜ್ಜನೂ ಹೊರಗೆ ಬಂದದ್ದು ಆ ಮನೆತನದ ದೊಡ್ಡ ಹೆಮ್ಮೆ.

“ಹಳೆಯ ಕಟ್ಟಳೆ ಎಂದರೆ ಏನು ಗೊತ್ತೇ ಶೇಖರ್” ಎಂದು ಡಾನ್ ಫರ್ಮಿನ್ ಬೆರಳೆತ್ತಿ ಕೇಳುತ್ತಿದ್ದರು. “ಒಂದೊಂದು ನಾಡಿಗೂ ತನ್ನದೇ ಹಳೆಯ ನ್ಯಾಯ ಇರುತ್ತದೆ. ರಾಜನಾದವನೂ ಮರದ ಕೆಳಗೆ ನಿಂತು ಅದಕ್ಕೆ ತಲೆಬಾಗಬೇಕು. ಇಲ್ಲದಿದ್ದರೆ ಅವನು ರಾಜನೇ ಅಲ್ಲ.” ಆಮೇಲೆ ತಮ್ಮ ಹೆಸರಿಗೆ ಬರುತ್ತಿದ್ದರು. ಎಚೆವೆರ್ರಿಯಾ ಎಂದರೆ ಅವರ ಬೆಟ್ಟದ ಭಾಷೆಯಲ್ಲಿ ಹೊಸಮನೆ ಎಂದು ಅರ್ಥವಂತೆ. ಮನೆಗೆ ನಾನೂರು ವರ್ಷ ತುಂಬಿದೆ, ಆದರೂ ಹೊಸಮನೆ. “ನಮ್ಮ ಕಡೆಯೂ ಹೊಸಮನೆ ಉಂಟು ಸಾರ್, ಹಂಚಿನ ಮಾಡು ಬಿದ್ದುಹೋಗಿದೆ” ಎಂದು ಶೇಖರ ಒಮ್ಮೆ ಹೇಳಿದ್ದ. ಆ ದಿನದ ಕಾಫಿ ಅಲ್ಲಿಗೇ ಮುಗಿದಿತ್ತು. ನಿಜವಾದ ಸಂಕಟ ಬೇರೆಯೇ ಇತ್ತು. ಡಾನ್ ಫರ್ಮಿನರಿಗೆ ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ, ಆ ಹೆಸರು ಅವರ ಜೊತೆಯೇ ಮಣ್ಣಿಗೆ ಹೋಗುವಂಥದ್ದು. ಅದನ್ನು ಹೇಳುವಾಗ ಮಾತ್ರ ಅವರು ಬೆರಳೆತ್ತುತ್ತಿರಲಿಲ್ಲ.

ಇದ್ದ ಒಬ್ಬಳು ಅಕ್ಕ, ಅವಳ ಮಗ ಈ ಪ್ರುಡೆನ್ಸಿಯೊ ಲಸಾರ್ತೆ. ಸ್ಪೇನಿನಲ್ಲಿ ಒಬ್ಬೊಬ್ಬರಿಗೂ ಎರಡೆರಡು ಮನೆತನದ ಹೆಸರು, ಮೊದಲು ಅಪ್ಪನದು, ಹಿಂದೆ ಅಮ್ಮನದು. ಹಾಗೆ ನೋಡಿದರೆ ಅಳಿಯ ಪ್ರುಡೆನ್ಸಿಯೊ ಲಸಾರ್ತೆ ಎಚೆವೆರ್ರಿಯಾ. ಚಿಕ್ಕವನಿದ್ದಾಗ ಮಾವನ ಕೆಂಪು ಟೊಪ್ಪಿ ಹಾಕಿಕೊಂಡೇ ಓಡಾಡಿದವನು. ಆದರೆ ಏಳು ವರ್ಷದ ಹಿಂದೆ ಆ ಸೋತ ರಾಜವಂಶದಲ್ಲಿ ಅಣ್ಣತಮ್ಮಂದಿರಿಬ್ಬರು ಕಿತ್ತಾಡಿಕೊಂಡರು. ಅಳಿಯ ಅಣ್ಣನ ಕಡೆ ಹೋದ, ಮಾವ ತಮ್ಮನ ಕಡೆ ನಿಂತರು. ಇಬ್ಬರ ರಾಜರಿಗೂ ಕೂರಲು ಕುರ್ಚಿ ಇಲ್ಲ ಎಂಬುದು ಇಬ್ಬರಿಗೂ ಒಂದು ವಿಷಯವೇ ಅಲ್ಲ. “ನನ್ನ ಮನೆತನದ ಹೆಸರನ್ನು ನೀನು ಹೊತ್ತು ತಿರುಗಬೇಡ” ಎಂದು ಮಾವ ಅಂದುಬಿಟ್ಟರು. ಅಳಿಯ ಹಠಕ್ಕೆ ಬಿದ್ದು ಅಂದಿನಿಂದ ಬರಿಯ ಲಸಾರ್ತೆ ಎಂದೇ ಸಹಿ ಹಾಕತೊಡಗಿದ. ಆಮೇಲೆ ಕಂಪೆನಿ ಇಬ್ಬರನ್ನೂ ಒಂದೇ ಕ್ಯಾಂಪಿಗೆ ಹಾಕಿತು. ಕಂಪೆನಿಗೆ ಪೈಪು ಮುಖ್ಯ, ರಾಜರಲ್ಲ.

ಶೇಖರ ಕೆಲಸಕ್ಕೆ ಸೇರಿದ ಮೊದಲ ವಾರ ಇದೊಂದೂ ಗೊತ್ತಿಲ್ಲದೆ ಒಂದು ಎಡವಟ್ಟು ಮಾಡಿದ್ದ. ಬಾಗಿಲುಗಳಿಗೆ ಹೆಸರು ಬರೆಯಲು ಹೇಳಿದ್ದರು. ಇವರಿಬ್ಬರು ಮಾವ ಅಳಿಯ ಎಂದು ಯಾರೋ ಅಂದದ್ದು ಅವನ ಕಿವಿಗೆ ಬಿತ್ತು. ಅಷ್ಟು ಸಾಕಾಯಿತು. ಅಕ್ಕನ ಮಗನೆಂದ ಮೇಲೆ ಮಾವನ ಮನೆಯವನೇ ತಾನೆ, ಅದನ್ನೂ ಕೇಳಬೇಕೇ. ಒಳ್ಳೆಯ ತೇಗದ ಹಲಗೆಯ ಮೇಲೆ, ಬಂಗಾರದ ಬಣ್ಣದಲ್ಲಿ, ‘ಪ್ರುಡೆನ್ಸಿಯೊ ಎಚೆವೆರ್ರಿಯಾ’ ಎಂದು ಇಂಗ್ಲಿಷಿನಲ್ಲಿ ದುಂಡಗೆ ಬರೆದು ಮೊಳೆ ಹೊಡೆದ. ಬೆಳಿಗ್ಗೆ ಮಾವ ಬಂದು ನೋಡಿ ಕೆಂಪಾದರು. ಅಳಿಯ ಬಂದು ನೋಡಿ ಬಿಳಿಚಿಕೊಂಡ. ಹಲಗೆ ಮಧ್ಯಾಹ್ನದೊಳಗೆ ಕೆಳಗಿಳಿಯಿತು. ಮೆಸ್ಸಿನ ಅಡುಗೆಯವನಾದ ಉಪ್ಪಿನಂಗಡಿಯ ಅಬ್ದುಲ್ಲ ಕುಂಞಿ, ಒಳ್ಳೆಯ ಮರ ಹಾಳಾಗಬಾರದೆಂದು, ಅದನ್ನು ಬೋರಲು ಹಾಕಿ ಈರುಳ್ಳಿ ಹೆಚ್ಚಲು ಇಟ್ಟುಕೊಂಡ.

ಆ ಅಬ್ದುಲ್ಲ ಕುಂಞಿಯ ಹತ್ತಿರವೇ ಶೇಖರ ಈಗ ತಲೆಯ ಮೇಲೆ ಕೈಹೊತ್ತು ಕೂತ.

“ಎಂತ ಮಾರಾಯ, ಇದಕ್ಕೆಲ್ಲ ಅಳ್ತಾರಾ” ಎಂದ ಅಬ್ದುಲ್ಲ ಕುಂಞಿ, ಅದೇ ಹಲಗೆಯ ಮೇಲೆ ಈರುಳ್ಳಿ ಕೊಚ್ಚುತ್ತ. ಅಳುತ್ತಿದ್ದುದು ಅವನೇ. “ಆ ಮುದುಕನ ಹತ್ರ ಹೋಗು, ನಿಮ್ಮ ರಾಜನೇ ಸರಿ ಸಾರ್ ಅಂತ ಹೇಳು. ಈಚೆ ಬಾ, ಅಳಿಯನ ಹತ್ರ ಹೋಗು, ನಿಮ್ಮ ರಾಜನೇ ಸರಿ ಅಂತ ಹೇಳು. ಅವರಿಬ್ಬರು ಮಾತಾಡುದಿಲ್ಲ ಅಲ್ವಾ, ಗೊತ್ತಾಗುದು ಹೇಗೆ?”

ಬುದ್ಧಿವಂತಿಕೆಯ ಮಾತು ಎಂದು ಶೇಖರನಿಗೆ ಅನಿಸಿತು. ಮರುದಿನ ಕಾಫಿಯ ಹೊತ್ತಿಗೆ ಡಾನ್ ಫರ್ಮಿನರ ಮುಂದೆ ಅರ್ಜಿ ಇಟ್ಟ. ಅವರು ಓದಿದರು. “ಅಕ್ಕನ ಮಗಳೇ? ಅದು ಸ್ವಂತ ಮಗಳಲ್ಲವಲ್ಲ” ಎಂದರು. ಶೇಖರ, ತಾನು ಬಹಳ ದಿನ ಯೋಚಿಸಿ ನೋಡಿದ್ದೇನೆ, ಸ್ಪೇನಿಗೆ ತಮ್ಮನೇ ತಕ್ಕ ರಾಜ ಎಂದ. ಡಾನ್ ಫರ್ಮಿನರ ಮೀಸೆ ಎರಡೂ ಕಡೆ ಏರಿತು. “ಮಾರ್ಚ್ ಹತ್ತನೇ ತಾರೀಖು ನಮ್ಮ ಪಕ್ಷದ ಹುತಾತ್ಮರ ದಿನ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಇರುತ್ತಾರೆ. ಈ ಮಾತನ್ನು ಅಲ್ಲಿ ಎದ್ದು ನಿಂತು ಹೇಳು. ಆ ಕ್ಷಣವೇ ಸಹಿ” ಎಂದರು.

ಅಳಿಯನ ಕೋಣೆಯಲ್ಲೂ ಅದೇ ಆಟ ನಡೆಯಿತು. ನಲವತ್ತರ ಹತ್ತಿರದ ಪ್ರುಡೆನ್ಸಿಯೊ ಮೀಸೆ ಬಿಟ್ಟಿರಲಿಲ್ಲ. ಮಾವನಿಗೆ ಮೀಸೆ ಇದೆಯೆಂಬುದೇ ಕಾರಣ. ಅಣ್ಣನೇ ರಾಜನಾಗಬೇಕು ಸಾರ್ ಎಂದು ಶೇಖರ ಹೇಳಿದಾಗ ಅವನು ಪೆನ್ನು ಕೆಳಗಿಟ್ಟು ಕೈಕುಲುಕಿದ. “ಹತ್ತನೇ ತಾರೀಖು ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳು. ಆ ಎಂಜಿನಿಯರ್ ಕೇಳಿಸಿಕೊಳ್ಳಲಿ. ಆಮೇಲೆ ಸಹಿ” ಎಂದ. ಶೇಖರ ಹೊರಗೆ ಬಂದವನು ಸೀದಾ ಅಡುಗೆಮನೆಗೆ ಹೋದ. ಅಬ್ದುಲ್ಲ ಕುಂಞಿ ಎಲ್ಲ ಕೇಳಿ, “ಇದು ಎಣಿಸಿರಲಿಲ್ಲ” ಎಂದು ಇನ್ನೊಂದು ಈರುಳ್ಳಿ ತೆಗೆದುಕೊಂಡ.

ಹತ್ತನೇ ತಾರೀಖು ಗುರುವಾರ ಬಿತ್ತು. ಆ ಕ್ಯಾಂಪಿನಲ್ಲಿ ಆ ದಿನದ ವಿಶೇಷವೇ ಬೇರೆ. ಸುರಕ್ಷತೆಯ ನಿಯಮದ ಪ್ರಕಾರ ಕೆಂಪು ಟೊಪ್ಪಿ ಹಾಕಿದವನು ಬೆಂಕಿ ಆರಿಸುವ ತಂಡದ ಮುಖ್ಯಸ್ಥ. ಪ್ರತಿ ವರ್ಷ ಹತ್ತನೇ ತಾರೀಖು ಮಾವ ತನ್ನ ಬಾಗಿಲಿನಿಂದ, ಅಳಿಯ ತನ್ನ ಬಾಗಿಲಿನಿಂದ ಕೆಂಪು ಟೊಪ್ಪಿ ಹಾಕಿಕೊಂಡು ಹೊರಡುತ್ತಲೇ ಅಂಗಳದಲ್ಲಿ ಪಾಕಿಸ್ತಾನದವರು, ಕೇರಳದವರು, ಫಿಲಿಪೈನ್ಸಿನವರು ಎಲ್ಲ ಮರಳಿನ ಬಕೆಟ್ಟು ಹಿಡಿದು ಎರಡು ಸಾಲಿನಲ್ಲಿ ನಿಂತುಬಿಡುತ್ತಿದ್ದರು. ಇದನ್ನು ಡಾನ್ ಫರ್ಮಿನ್ ತಮ್ಮ ಹುತಾತ್ಮರಿಗೆ ಕಾರ್ಮಿಕರು ಸಲ್ಲಿಸುವ ಗೌರವವೆಂದು ತಿಳಿದಿದ್ದರು. ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ, ಶೇಖರನೂ ಹೇಳಿರಲಿಲ್ಲ.

ಮೆಸ್ಸಿನಲ್ಲಿ ಎರಡು ತುದಿಗೆ ಎರಡು ಮೇಜು. ಒಂದರಲ್ಲಿ ಮಾವ, ಒಂದರಲ್ಲಿ ಅಳಿಯ, ನಡುವೆ ಉಳಿದವರೆಲ್ಲ. ಅಬ್ದುಲ್ ರಹ್ಮಾನನೂ ಅತಿಥಿಯಾಗಿ ಬಂದು ಕೂತಿದ್ದ. ಅಬ್ದುಲ್ಲ ಕುಂಞಿ ಸ್ಪೇನಿನವರ ಹಳದಿ ಅನ್ನ ಮಾಡಿ, ಅವರಿಗೆ ತಿಳಿಯದಂತೆ ಅದಕ್ಕೆ ಎರಡು ಹಸಿಮೆಣಸು ಸೀಳಿ ಹಾಕಿದ್ದ. ಶೇಖರ ಅರ್ಜಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದ.

ಡಾನ್ ಫರ್ಮಿನ್ ಎದ್ದು ಟೊಪ್ಪಿ ಸರಿಮಾಡಿಕೊಂಡರು. “ಗೆಳೆಯರೇ, ಇಂಡಿಯಾದವನೊಬ್ಬ ನಿಷ್ಪಕ್ಷಪಾತವಾಗಿ ಯೋಚಿಸಿ ಸತ್ಯ ಕಂಡುಕೊಂಡಿದ್ದಾನೆ. ಶೇಖರ್, ಹೇಳು. ಸ್ಪೇನಿನ ಸಿಂಹಾಸನ ನ್ಯಾಯವಾಗಿ ಯಾರಿಗೆ ಸೇರಬೇಕು?”

ಆ ತುದಿಯಿಂದ ಪ್ರುಡೆನ್ಸಿಯೊ ಕೂಡ ಎದ್ದ. “ಹೌದು ಶೇಖರ್. ನನ್ನ ಕೋಣೆಯಲ್ಲಿ ಹೇಳಿದ್ದನ್ನೇ ಹೇಳು.”

“ಅವನ ಕೋಣೆಯಲ್ಲೂ ಹೇಳಿದ್ದೀಯಾ?” ಎಂದು ಡಾನ್ ಫರ್ಮಿನ್ ಶೇಖರನನ್ನೇ ಕೇಳಿದರು.

ಶೇಖರ ಅಡಕತ್ತರಿಯಲ್ಲಿ ಸಿಕ್ಕಿದ್ದ. ತಮ್ಮ ಎಂದರೆ ಒಂದು ಸಹಿ ಹೋಯಿತು, ಅಣ್ಣ ಎಂದರೆ ಇನ್ನೊಂದು ಹೋಯಿತು. ಎರಡೂ ಕಡೆ ಕೆಂಪು ಟೊಪ್ಪಿಗಳು ಅವನನ್ನೇ ನೋಡುತ್ತಿದ್ದವು. ಇದ್ದಕ್ಕಿದ್ದಂತೆ ಅವನಿಗೆ ಸಿಟ್ಟು ಬಂತು. ಇವರ ಸತ್ತ ರಾಜನಿಗೂ ತನ್ನ ಸ್ವರ್ಣನಿಗೂ ಏನು ಸಂಬಂಧ, ಅಲ್ಲಿ ಆ ಹುಡುಗಿ ತನ್ನ ದಾರಿ ಕಾಯುತ್ತಿದ್ದಾಳೆ, ಇಲ್ಲಿ ಈ ಇಬ್ಬರು ಇಲ್ಲದ ಕುರ್ಚಿಗೆ ಹೊಡೆದಾಡುತ್ತಿದ್ದಾರೆ. ರಜೆ ಹೋದರೆ ಹೋಗಲಿ ಎಂದುಕೊಂಡು ಬಾಯಿಬಿಟ್ಟ.

“ನಿಮ್ಮಿಬ್ಬರಿಗೂ ನಾನು ಸುಳ್ಳು ಹೇಳಿದೆ ಸಾರ್. ಅಣ್ಣನಿಗೂ ಇಲ್ಲ, ತಮ್ಮನಿಗೂ ಇಲ್ಲ. ನೀವು ಮೊದಲಿಗೇ ದಾರಿ ತಪ್ಪಿದ್ದು. ಆಗ ಸತ್ತನಲ್ಲ, ಆ ರಾಜನಿಗೆ ಅಕ್ಕ ತಂಗಿ ಯಾರೂ ಇರಲಿಲ್ಲವಾ?”

ಡಾನ್ ಫರ್ಮಿನ್ ಕಕ್ಕಾಬಿಕ್ಕಿಯಾದರು. ಆದರೆ ಚರಿತ್ರೆ ಕೇಳಿದರೆ ಹೇಳದೆ ಇರುವುದು ಅವರಿಂದಾಗದ ಕೆಲಸ. “ಇದ್ದರು. ಎಲ್ಲರಿಗಿಂತ ದೊಡ್ಡವಳು ಅಕ್ಕ.”

“ಅವರಿಗೆ ಗಂಡುಮಕ್ಕಳು?”

“ಇದ್ದರು.”

“ಮತ್ತೆ ಎಂತದು ಜಗಳ? ಕುರ್ಚಿ ಆ ಅಕ್ಕನ ಮಗನದು. ನಮ್ಮಲ್ಲಿ ಸಣ್ಣ ಮಕ್ಕಳಿಗೂ ಇದು ಗೊತ್ತು. ನೂರೈವತ್ತು ವರ್ಷ ಸುಮ್ಮನೆ ಹಾಳುಮಾಡಿದಿರಿ.”

ಸ್ಪೇನಿನವರೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಕೊನೆಗೆ ಪ್ರುಡೆನ್ಸಿಯೊ ಮೆಲ್ಲನೆ ಹೇಳಿದ. “ಆ ಅಕ್ಕನನ್ನು ಕೊಟ್ಟದ್ದು ಪೋರ್ಚುಗಲ್ಲಿಗೆ.”

ಡಾನ್ ಫರ್ಮಿನ್ ಎದೆ ಹಿಡಿದುಕೊಂಡರು. “ಪ್ರುಡೆನ್ಸಿಯೊ, ಕೇಳಿದೆಯಾ? ನಮ್ಮ ಸಿಂಹಾಸನದ ಮೇಲೆ ಪೋರ್ಚುಗೀಸ.”

“ಕೇಳಿದೆ ಮಾವ. ಪೋರ್ಚುಗೀಸ.”

“ನಿನ್ನ ರಾಜ ಬಂದರೂ ಪರವಾಗಿಲ್ಲ, ಇದು ಆಗಕೂಡದು.”

“ನಿಮ್ಮ ರಾಜ ಬಂದರೂ ಪರವಾಗಿಲ್ಲ ಮಾವ.”

ಬಡಿಸುತ್ತಿದ್ದ ಅಬ್ದುಲ್ಲ ಕುಂಞಿ ಸೌಟನ್ನು ಗಾಳಿಯಲ್ಲಿ ಹಾಗೇ ಹಿಡಿದು ನಿಂತ. ಏಳು ವರ್ಷದಲ್ಲಿ ಅವರಿಬ್ಬರು ನೇರವಾಗಿ ಆಡಿದ ಮೊದಲ ಮಾತು ಅದು. ತಾವು ಮಾತಾಡಿದೆವೆಂದು ಅವರಿಬ್ಬರಿಗೆ ಇನ್ನೂ ಗೊತ್ತಾಗಿರಲಿಲ್ಲ. ಇಬ್ಬರೂ ತಂತಮ್ಮ ಮೇಜು ಬಿಟ್ಟು ನಡುವಿಗೆ ಬಂದು, ಭುಜಕ್ಕೆ ಭುಜ ಕೊಟ್ಟು ಶೇಖರನ ಮುಂದೆ ನಿಂತರು.

“ಇದು ಯಾವ ಕಾಡಿನ ಕಾನೂನು?” ಎಂದರು ಡಾನ್ ಫರ್ಮಿನ್.

ಶೇಖರನಿಗೆ ಅದು ನಾಟಿತು. “ಕಾಡಿನದಲ್ಲ ಸಾರ್, ತುಳುನಾಡಿನದು. ನಿಮಗೆ ಪೋರ್ಚುಗೀಸರು ಬೇಡವಾದರೆ ನಮಗೇನು ಬೇಕಾಗಿತ್ತಾ? ಇದೇ ಕಟ್ಟಳೆಯಲ್ಲಿ ಪಟ್ಟಕ್ಕೆ ಬಂದ ರಾಣಿ ನಮ್ಮ ಉಳ್ಳಾಲದಲ್ಲಿ ಇದ್ದಳು, ಅಬ್ಬಕ್ಕ ಅಂತ. ಅವರನ್ನು ಕಡಲಿಗೆ ಅಟ್ಟಿದವಳು.”

ಡಾನ್ ಫರ್ಮಿನ್ ಒಂದು ಕುರ್ಚಿ ಎಳೆದುಕೊಂಡು ಕೂತರು. “ಪೋರ್ಚುಗೀಸರನ್ನು?”

“ಹೌದು.”

“ಹೇಗೆ?”

“ಹಡಗಿಗೆ ಬೆಂಕಿ ಹಾಕಿಸಿ ಅಂತ ನಮ್ಮ ಕಡೆ ಹೇಳ್ತಾರೆ.”

ಬೆಂಕಿ ಎಂಬ ಮಾತು ಕಿಟಕಿಯಿಂದ ಹೊರಗೆ ಹೋದದ್ದೇ ತಡ, ಬಿಸಿಲಿನಲ್ಲಿ ಕಾದು ಸಾಕಾಗಿದ್ದ ಆ ಎರಡು ಸಾಲಿನವರು ಬಕೆಟ್ಟುಗಳೊಂದಿಗೆ ಒಳಗೆ ನುಗ್ಗಿದರು. ಮೊದಲ ಬಕೆಟ್ಟಿನ ಮರಳು ಅಳಿಯನ ಮೇಜಿನ ಹಳದಿ ಅನ್ನದ ಮೇಲೆ ಬಿತ್ತು, ಎರಡನೆಯದು ಮಾವನ ಮೇಜಿನ ಮೇಲೆ. ಅಬ್ದುಲ್ಲ ಕುಂಞಿ ಎಲ್ಲರಿಗೂ ಉರ್ದುವಿನಲ್ಲಿ ಬೈದು ಹೊರಗೆ ಕಳಿಸುವ ಹೊತ್ತಿಗೆ ಕೂತು ಉಣ್ಣಲು ನಡುವಿನ ಮೇಜೊಂದೇ ಉಳಿದಿತ್ತು. ಮಾವನೂ ಅಳಿಯನೂ ಅದಕ್ಕೇ ಬಂದು ಕೂರಬೇಕಾಯಿತು.

ಶೇಖರನ ಮಾತು ಇನ್ನೂ ಮುಗಿದಿರಲಿಲ್ಲ. ಮರಳು ಕೊಡವಿಕೊಂಡು ಅವರ ಮುಂದೆಯೇ ನಿಂತ. “ಸಾರ್, ನೀವು ದಿನಾ ಕಾಫಿ ಕುಡಿಯುತ್ತ ಹೇಳಿದ್ದು ನೆನಪುಂಟಾ? ಒಂದೊಂದು ನಾಡಿಗೂ ತನ್ನದೇ ಕಟ್ಟಳೆ, ರಾಜನೂ ಅದಕ್ಕೆ ತಲೆಬಾಗಬೇಕು ಅಂತ. ನನ್ನ ನಾಡಿನ ಕಟ್ಟಳೆಯಲ್ಲಿ ಸ್ವರ್ಣಲತಾ ನನ್ನ ಮಗಳೇ. ಮಗಳಿಗಿಂತ ಹೆಚ್ಚು. ಅವಳನ್ನು ಧಾರೆ ಎರೆದು ಕೊಡಬೇಕಾದವನು ನಾನು. ಅಕ್ಕನ ಮಕ್ಕಳ ಮದುವೆಗೆ ಹೋಗದ ಮಾವ ನಮ್ಮಲ್ಲಿ ಮಾವನೇ ಅಲ್ಲ.”

ಪ್ರುಡೆನ್ಸಿಯೊ ತಟ್ಟೆಯನ್ನು ನೋಡತೊಡಗಿದ. ಡಾನ್ ಫರ್ಮಿನ್ ಕಿಟಕಿಯ ಕಡೆ ತಿರುಗಿದರು. ತಾನು ಎಲ್ಲಿ ತಗಲಿಸಿದೆನೆಂದು ಶೇಖರನಿಗೆ ಆಗ ಹೊಳೆಯಿತು. ಐದು ವರ್ಷದ ಹಿಂದೆ ಅಳಿಯನ ಮದುವೆಯಾದಾಗ ಮಾವ ಹೋಗಿರಲಿಲ್ಲ. ಚರ್ಚಿನಲ್ಲಿ ಮೊದಲ ಸಾಲಿನ ಒಂದು ಕುರ್ಚಿ ಕೊನೆಯವರೆಗೂ ಖಾಲಿ ಇತ್ತೆಂದು ಪ್ರುಡೆನ್ಸಿಯೊನ ಹೆಂಡತಿ ಯಾನ್ಬುವಿಗೆ ಬಂದಿದ್ದಾಗ ಯಾರಿಗೋ ಹೇಳಿದ್ದಳು.

“ನಿನ್ನ ಕಟ್ಟಳೆಯಲ್ಲಿ” ಎಂದು ಡಾನ್ ಫರ್ಮಿನ್ ಕೇಳಿದರು, ಬೆರಳೆತ್ತದೆ, “ಮಕ್ಕಳಿಲ್ಲದವನ ಮನೆತನದ ಹೆಸರು ಏನಾಗುತ್ತದೆ?”

“ಮಕ್ಕಳು ಇದ್ದವನದೂ ಇಲ್ಲದವನದೂ ಒಂದೇ ಸಾರ್. ಅಕ್ಕನ ಮಗ ಇದ್ದಾನಲ್ಲ, ಹೆಸರು ಎಲ್ಲಿಗೆ ಹೋಗ್ತದೆ? ನಾನು ಬಂದ ವಾರವೇ ಹಲಗೆಯಲ್ಲಿ ಬರೆದು ಹಾಕಿದ್ದೆ. ನೀವಿಬ್ಬರು ಸೇರಿ ತೆಗೆಸಿದಿರಿ.”

ಡಾನ್ ಫರ್ಮಿನ್ ಕೈ ಚಾಚಿದರು. ಶೇಖರ ಅರ್ಜಿ ಕೊಟ್ಟ. ‘ಸಂಬಂಧ’ ಎಂಬಲ್ಲಿ ಅವರು ಅಕ್ಕನ ಮಗಳು ಎಂಬುದನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ‘ಆ ನಾಡಿನ ಹಳೆಯ ಕಟ್ಟಳೆಯ ಪ್ರಕಾರ ಸ್ವಂತ ಮಗಳು’ ಎಂದು ಬರೆದರು. ಸಹಿ ಹಾಕಲು ಹೋಗಿ ಪೆನ್ನು ನಿಲ್ಲಿಸಿದರು. ಯಾರು ಮೊದಲು ಎಂಬ ಹಳೆಯ ಪ್ರಶ್ನೆ ಮೇಜಿನ ಮೇಲೆ ಬಂದು ಕೂತಿತ್ತು. ಇಬ್ಬರೂ ಶೇಖರನ ಮುಖ ನೋಡಿದರು.

“ಯಜಮಾನ ಮೊದಲು, ಅಳಿಯ ಆಮೇಲೆ” ಎಂದ ಶೇಖರ. “ನಮ್ಮಲ್ಲಿ ಆಮೇಲೆ ಬರುವುದು ಅಂದರೆ ಮುಂದಿನ ಯಜಮಾನ ಅಂತ. ಅದರಲ್ಲಿ ನಾಚಿಕೆ ಎಂತದೂ ಇಲ್ಲ.”

ಮಾವ ಸಹಿ ಮಾಡಿ ಕಾಗದ ಸರಿಸಿದರು. ಅಳಿಯ ಅದರ ಕೆಳಗೆ ಬಾಗಿ, ತುಂಬ ಹೊತ್ತು ತೆಗೆದುಕೊಂಡು ಬರೆದ. ಪ್ರುಡೆನ್ಸಿಯೊ ಲಸಾರ್ತೆ ಎಂದು ಬರೆದ ಮೇಲೂ ಪೆನ್ನು ಎತ್ತಲಿಲ್ಲ, ಮುಂದುವರಿದು ಎಚೆವೆರ್ರಿಯಾ ಎಂದು ಬರೆದ. ಜಾಗ ಸಾಲದೆ ಕೊನೆಯ ಅಕ್ಷರಗಳು ಕಾಗದದ ಅಂಚಿಗೆ ಹತ್ತಿ ನಿಂತವು. ಡಾನ್ ಫರ್ಮಿನ್ ಕನ್ನಡಕ ಹಾಕಿಕೊಂಡು ಆ ಸಾಲನ್ನು ಓದಿದರು. ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಕಾಗದ ತಿರುಗಿ ಬರುತ್ತದೆಯೋ ಇಲ್ಲವೋ ಎಂದು ಶೇಖರನಿಗೆ ಹೆದರಿಕೆಯಾಯಿತು. ಅಷ್ಟರಲ್ಲಿ ಅಬ್ದುಲ್ ರಹ್ಮಾನ್ ಬಂದು, “ಯಲ್ಲಾ, ಸಾಕು” ಎಂದು ಅದನ್ನು ಅವರ ಕೈಯಿಂದ ಮೆಲ್ಲನೆ ಬಿಡಿಸಿಕೊಂಡು ಹೋದ.

ಬಿಸು ಕಳೆದ ಆದಿತ್ಯವಾರ ಬೆಳ್ಮಣ್ಣಿನಲ್ಲಿ ಮದುವೆ ಸಾಂಗವಾಗಿ ನಡೆಯಿತು. ಶೇಖರ ಧಾರೆಯೆರೆಯುವಾಗ ಅವನ ತಲೆಯ ಮೇಲೆ ಒಂದು ಕೆಂಪು ಟೊಪ್ಪಿ ಇತ್ತು. ಮನೆತನದ ಯಜಮಾನನು ಅಂಥ ಹೊತ್ತಿನಲ್ಲಿ ಬರಿದಲೆಯಲ್ಲಿ ನಿಲ್ಲಬಾರದೆಂದು ಡಾನ್ ಫರ್ಮಿನ್ ಹೊರಡುವ ದಿನ ತಂದುಕೊಟ್ಟದ್ದು. “ಇದೆಂತ ವೇಷ, ಮುಂಡಾಸು ಕಟ್ಟಿಕೊಳ್ಳುದಲ್ವಾ?” ಎಂದಳು ವಸಂತಿ. “ಇದು ಬೇರೆ ನಾಡಿನ ಕಟ್ಟಳೆ ಅಕ್ಕ, ಮಾತು ಕೊಟ್ಟಿದ್ದೇನೆ” ಎಂದ. ತಂಬಿಗೆಯ ನೀರು ಸುರಿಯುವಾಗ ಟೊಪ್ಪಿ ಕಣ್ಣಿನ ಮೇಲೆ ಜಾರಿತು. ಅಳಬೇಕಾದ ಹೊತ್ತಿಗೆ ಸ್ವರ್ಣಲತಾ ನಕ್ಕುಬಿಟ್ಟಳು. ಟೊಪ್ಪಿಯ ಮರೆಯಲ್ಲಿ ಅತ್ತವನು ಮಾವ.

ಯಾನ್ಬುವಿಗೆ ತಿರುಗಿ ಬಂದಾಗ ಅಬ್ದುಲ್ಲ ಕುಂಞಿ ದೂರು ಹೇಳಲು ಗೇಟಿನಲ್ಲೇ ಕಾದಿದ್ದ. “ನನ್ನ ಹಲಗೆ ಹೋಯ್ತು ಮಾರಾಯ. ಅಳಿಯ ಸಾಹೇಬ ತಾನೇ ಅಡುಗೆಮನೆಗೆ ಬಂದು ಕೇಳಿ ತಕ್ಕೊಂಡು ಹೋದ. ನಾನು ಸುಮ್ಮನೆ ಕೊಡ್ಲಿಲ್ಲ. ಸೋಪು ಹಾಕಿ ತಿಕ್ಕಿ, ಲಿಂಬೆಹುಳಿ ಉಜ್ಜಿ, ವಾರ ಇಡೀ ಬಿಸಿಲಿಗೆ ಇಟ್ಟು ಕೊಟ್ಟದ್ದು. ಈಗ ಈರುಳ್ಳಿಯನ್ನು ಅಂಗೈಯಲ್ಲಿಟ್ಟು ಕೊಯ್ತಾ ಇದ್ದೇನೆ.”

ಶೇಖರ ಆಫೀಸಿನ ಓಣಿಗೆ ಹೋದ. ಅಳಿಯನ ಬಾಗಿಲಿನಲ್ಲಿ ಅದೇ ತೇಗದ ಹಲಗೆ, ಅದೇ ಬಂಗಾರದ ಅಕ್ಷರ, ನಡುವೆ ‘ಲಸಾರ್ತೆ’ ಎಂಬುದನ್ನು ಯಾರೋ ಸಣ್ಣದಾಗಿ ತುರುಕಿದ್ದರು. ಹಲಗೆಯ ಅಂಚಿನಲ್ಲೆಲ್ಲ ಚೂರಿಯ ಗೀರು. ಅದರ ಮುಂದೆ ಡಾನ್ ಫರ್ಮಿನ್ ಒಬ್ಬರೇ ನಿಂತಿದ್ದರು. ದಿನವೂ ಕಾಫಿಗೆ ಮೊದಲು ಹೀಗೆ ಬಂದು ನಿಲ್ಲುತ್ತಾರೆಂದು ಆಮೇಲೆ ಗೊತ್ತಾಯಿತು.

ಶೇಖರನನ್ನು ಕಂಡು ಅವರು ಗಡಿಬಿಡಿಯಿಂದ ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು.

“ಈರುಳ್ಳಿ” ಎಂದರು. “ಈ ಹಲಗೆಯಿಂದ ವಾಸನೆ ಇನ್ನೂ ಹೋಗಿಲ್ಲ.”

ಶೇಖರ ಹತ್ತಿರ ಹೋಗಿ ಮೂಸಿ ನೋಡಿದ. ಹಲಗೆಯಲ್ಲಿ ಹೊಸ ಬಣ್ಣದ ವಾಸನೆ ಮಾತ್ರ ಇತ್ತು.

“ಹೌದು ಸಾರ್,” ಎಂದ, “ಈರುಳ್ಳಿಯದು ಅಷ್ಟು ಬೇಗ ಹೋಗುದಿಲ್ಲ.”